ಗಾಳಿ ನಿಂತ ಮೇಲಿನ ಏಳು ದಿನ

ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಮಳೆಯಿರಲಿ, ಜುಲೈನಲ್ಲಿ ಮಲೆನಾಡನ್ನು ಅಲ್ಲಾಡಿಸುವ ಗಾಳಿಯಿರಲಿ, ಅರಬ್ಬಿ ಸಮುದ್ರದಿಂದ ಏಳುವ ಚಂಡಮಾರುತವಿರಲಿ, ಮರುದಿನ ನಾವು ಹಾಕುವ ಲೆಕ್ಕ ಒಂದೇ ಬಗೆಯದು. ಎಷ್ಟು ಮರ ಉರುಳಿದವು, ಎಷ್ಟು ಕಂಬ ಮುರಿದವು, ಎಷ್ಟು ಮನೆಗಳ ಹೆಂಚು ಹಾರಿತು, ಎಷ್ಟು ಜನ ಸತ್ತರು. ಅಷ್ಟಾದರೆ ಲೆಕ್ಕ ಮುಗಿಯಿತು. ಮೂರನೆಯ ದಿನವೂ ಕರೆಂಟು ಬಾರದೆ ಆಮ್ಲಜನಕದ ಯಂತ್ರ ನಿಂತ ಮನೆ, ಐದನೆಯ ದಿನ ಬಾವಿಯ ಕಲಕಿದ ನೀರು ಕುಡಿದು ವಾಂತಿಭೇದಿ ಹಿಡಿದ ಮಗು, ದಾರಿ ಕಡಿದುಹೋಗಿ ಡಯಾಲಿಸಿಸ್ ತಪ್ಪಿಸಿಕೊಂಡ ರೋಗಿ, ಇವರಾರೂ ಗಾಳಿಮಳೆಯ ಲೆಕ್ಕಕ್ಕೆ ಸೇರುವುದಿಲ್ಲ. ಅವರ ಸಾವುನೋವು ಬೇರೆ ಹೆಸರಿನಲ್ಲಿ ದಾಖಲಾಗುತ್ತದೆ. ಲೆಕ್ಕಕ್ಕೆ ಬಾರದ್ದಕ್ಕೆ ಸಿದ್ಧತೆಯೂ ಇರುವುದಿಲ್ಲ. ಗಾಳಿ ಬೀಸುವ ಎರಡು ಗಂಟೆಗೆ ಹೆದರುವ ನಾವು ಅದು ನಿಂತ ಮೇಲಿನ ಏಳು ದಿನಗಳ ಬಗ್ಗೆ ಯೋಚಿಸುವುದೇ ಇಲ್ಲ. ಮನೆಮನೆಯೂ ತಯಾರಾಗಬೇಕಿರುವುದು ಆ ಏಳು ದಿನಗಳಿಗೆ ಎಂಬುದು ನನ್ನ ವಾದ.

ಇದಕ್ಕೆ ಅತ್ಯಂತ ಕಠೋರವಾದ ಸಾಕ್ಷ್ಯ ಸಿಗುವುದು ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದಲ್ಲಿ. 2017ರ ಸೆಪ್ಟೆಂಬರ್ 20ರಂದು ಮರಿಯಾ ಎಂಬ ಚಂಡಮಾರುತ ಅದರ ಮೇಲೆ ಹಾದುಹೋಯಿತು. ಸರ್ಕಾರ ಕೊಟ್ಟ ಸಾವಿನ ಸಂಖ್ಯೆ 64. ತಿಂಗಳುಗಟ್ಟಲೆ ಅಧಿಕೃತ ಅಂಕಿ ಅದೇ ಆಗಿತ್ತು. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಜ್ಞರು ಮುಂದಿನ ಫೆಬ್ರವರಿಯವರೆಗಿನ ಮರಣ ದಾಖಲೆಗಳನ್ನೆಲ್ಲ ಹಿಂದಿನ ವರ್ಷಗಳ ಜೊತೆ ಹೋಲಿಸಿ ನೋಡಿದಾಗ, ಸಹಜವಾಗಿ ಆಗಬೇಕಿದ್ದ ಸಾವುಗಳಿಗಿಂತ ಸುಮಾರು 2,975 ಸಾವುಗಳು ಹೆಚ್ಚಾಗಿ ಸಂಭವಿಸಿದ್ದವು. 2018ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರವೂ ಈ ಸಂಖ್ಯೆಯನ್ನು ಒಪ್ಪಿಕೊಂಡಿತು. ಹಾರ್ವರ್ಡ್ ಸಂಶೋಧಕರು ಮನೆಮನೆಗೆ ಹೋಗಿ ನಡೆಸಿದ ಇನ್ನೊಂದು ಸಮೀಕ್ಷೆ ಇದರ ಕಾರಣವನ್ನು ಬಿಡಿಸಿಟ್ಟಿತು. ಆ ವರ್ಷದ ಕೊನೆಯವರೆಗಿನ ಅವಧಿಯಲ್ಲಿ ಸರಾಸರಿ ಒಂದು ಮನೆಗೆ 84 ದಿನ ವಿದ್ಯುತ್ ಇರಲಿಲ್ಲ, 68 ದಿನ ನಲ್ಲಿಯಲ್ಲಿ ನೀರಿರಲಿಲ್ಲ, 41 ದಿನ ಮೊಬೈಲ್ ಸಂಪರ್ಕವಿರಲಿಲ್ಲ. ಸತ್ತವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನ ಚಿಕಿತ್ಸೆ ತಡವಾಗಿಯೋ ಸಿಗದೆಯೋ ಸತ್ತವರು. ಗಾಳಿಗೆ, ನೆರೆಗೆ ನೇರವಾಗಿ ಬಲಿಯಾದವರಿಗಿಂತ ಆಮೇಲಿನ ಕತ್ತಲೆಯಲ್ಲಿ, ಔಷಧಿಯಿಲ್ಲದೆ, ಯಾರನ್ನೂ ಕರೆಯಲಾಗದೆ ತೀರಿಕೊಂಡವರೇ ಎಷ್ಟೋ ಪಟ್ಟು ಹೆಚ್ಚು.

ಅದೇ ತಿಂಗಳು ಫ್ಲಾರಿಡಾದಲ್ಲಿ ಇರ್ಮಾ ಚಂಡಮಾರುತ ಹಾದುಹೋದ ಮೇಲೆ ಒಂದು ವೃದ್ಧಾಶ್ರಮದ ಹವಾನಿಯಂತ್ರಣ ಕೆಟ್ಟಿತು. ಆ ಸೆಕೆಯಲ್ಲಿ ಹನ್ನೆರಡು ಮಂದಿ ಹಿರಿಯರು ಪ್ರಾಣ ಬಿಟ್ಟರು. ರಸ್ತೆಯಾಚೆಯೇ ದೊಡ್ಡ ಆಸ್ಪತ್ರೆಯಿತ್ತು. 2020ರಲ್ಲಿ ಲೂಸಿಯಾನಾಕ್ಕೆ ಲಾರಾ ಚಂಡಮಾರುತ ಅಪ್ಪಳಿಸಿದಾಗ ಗಾಳಿಯಿಂದ ಬಚಾವಾದ ಕುಟುಂಬಗಳು ಕರೆಂಟಿಗಾಗಿ ಮನೆಯೊಳಗೆ, ಗ್ಯಾರೇಜಿನಲ್ಲಿ ಜನರೇಟರ್ ಓಡಿಸಿ ಅದರ ವಿಷಾನಿಲಕ್ಕೆ ನಿದ್ದೆಯಲ್ಲೇ ಬಲಿಯಾದವು. ನಮ್ಮದೇ ದೇಶದಲ್ಲಿ 2020ರ ಮೇ 20ರಂದು ಅಂಪನ್ ಚಂಡಮಾರುತ ಬಂಗಾಳವನ್ನು ಹೊಡೆದಾಗ ನೀರಿನಲ್ಲಿ ಬಿದ್ದಿದ್ದ ವಿದ್ಯುತ್ ತಂತಿ ತಗುಲಿ ಹಲವರು ಸತ್ತರು. ಕೋಲ್ಕತ್ತದಂಥ ಮಹಾನಗರದಲ್ಲೇ ದಿನಗಟ್ಟಲೆ ನೀರು, ಕರೆಂಟು ಇಲ್ಲದೆ ಜನ ರಸ್ತೆ ತಡೆದು ಪ್ರತಿಭಟಿಸಿದರು.

ಒಡಿಶಾದ ಅನುಭವವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1999ರ ಅಕ್ಟೋಬರ್‌ನ ಮಹಾಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಆ ಪೆಟ್ಟಿನಿಂದ ಪಾಠ ಕಲಿತ ರಾಜ್ಯ ಆಶ್ರಯ ಕಟ್ಟಡಗಳನ್ನು ಕಟ್ಟಿತು, ಹಳ್ಳಿಹಳ್ಳಿಯಲ್ಲಿ ಸ್ವಯಂಸೇವಕರನ್ನು ತಯಾರು ಮಾಡಿತು. 2019ರ ಮೇ 3ರಂದು ಫನಿ ಪುರಿಯ ಬಳಿ ದಡ ಮುಟ್ಟುವ ಮೊದಲು ಸುಮಾರು 12 ಲಕ್ಷ ಜನರನ್ನು ಸ್ಥಳಾಂತರಿಸಲಾಗಿತ್ತು. ಸತ್ತವರ ಸಂಖ್ಯೆ 64ಕ್ಕೆ ಇಳಿಯಿತು. ಜಗತ್ತೇ ಮೆಚ್ಚಿದ ಸಾಧನೆ ಇದು, ಮೆಚ್ಚಲೇಬೇಕಾದದ್ದು. ಆದರೂ ಪುರಿಯ ಎಷ್ಟೋ ಬಡಾವಣೆಗಳು ವಾರಗಟ್ಟಲೆ ಕತ್ತಲೆಯಲ್ಲಿದ್ದವು. ಎಚ್ಚೆತ್ತ ಸರ್ಕಾರ ಮನಸ್ಸು ಮಾಡಿದರೆ ಬಿರುಗಾಳಿಯ ಕೈಯಿಂದ ಜೀವ ಉಳಿಸಬಲ್ಲದು ಎಂಬುದಕ್ಕೆ ಒಡಿಶಾ ಪುರಾವೆ. ಬೇಸಿಗೆಯ ಆ ವಾರಗಳನ್ನು ಕರೆಂಟಿಲ್ಲದೆ ನೂಕುವ ಹೊರೆ ಮಾತ್ರ ಒಂದೊಂದು ಮನೆಯ ಹೆಗಲ ಮೇಲೆಯೇ ಬಿದ್ದಿತು ಎಂಬುದೂ ಅಷ್ಟೇ ದಿಟ.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಶತಮಾನದ ಮೊದಲ ಎರಡು ದಶಕಗಳಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳು ಅದಕ್ಕೆ ಹಿಂದಿನ ಎರಡು ದಶಕಗಳಿಗಿಂತ ಸುಮಾರು ಶೇ 52ರಷ್ಟು ಹೆಚ್ಚಿವೆ. 2019 ಒಂದೇ ವರ್ಷದಲ್ಲಿ ಅಲ್ಲಿ ಐದು ಎದ್ದವು. 2021ರ ಮೇ ತಿಂಗಳಲ್ಲಿ ತೌಕ್ತೆ ಗುಜರಾತಿನತ್ತ ಹೋಗುವಾಗ ನಮ್ಮ ಕರಾವಳಿಯ ಮೂರೂ ಜಿಲ್ಲೆಗಳನ್ನು ಸವರಿಕೊಂಡು ಹೋಯಿತು. ಕೋವಿಡ್ ಎರಡನೇ ಅಲೆಯ ನಡುವೆ ಮನೆ, ಕಂಬ, ದೋಣಿ, ಕಡಲ ದಡದ ರಸ್ತೆಗಳನ್ನು ಮುರಿದುಹಾಕಿತು. ಸಮುದ್ರದಿಂದ ದೂರವಿರುವ ಜಿಲ್ಲೆಗಳೂ ನಿಶ್ಚಿಂತೆಯಿಂದ ಇರುವಂತಿಲ್ಲ. ಹೆಸರೇ ಇಲ್ಲದ ಮುಂಗಾರು ಪೂರ್ವದ ಬಿರುಗಾಳಿ ಅರ್ಧ ಗಂಟೆಯಲ್ಲಿ ಒಂದು ತಾಲ್ಲೂಕಿನ ಕಂಬಗಳನ್ನು ಮಲಗಿಸಬಲ್ಲದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಎಷ್ಟೋ ಊರುಗಳು ದಾರಿ, ದೀಪ, ದೂರವಾಣಿ ಮೂರನ್ನೂ ಒಟ್ಟಿಗೇ ಕಳೆದುಕೊಂಡವು.

ಈ ನಡುವೆ ನಮ್ಮ ಮನೆಗಳ ಒಳಗೇ ಒಂದು ಬದಲಾವಣೆ ಆಗಿದೆ. ಕರಾವಳಿ, ಮಲೆನಾಡಿನ ಹಿಂದಿನ ತಲೆಮಾರು ಬೇಸಿಗೆಯಲ್ಲಿ ಮಳೆಗಾಲಕ್ಕಾಗಿ ದುಡಿಯುತ್ತಿತ್ತು. ಕೊಟ್ಟಿಗೆಯ ಪಕ್ಕ ಸೌದೆ, ಅಟ್ಟದ ಮೇಲೆ ಅಕ್ಕಿ ಮುಡಿ, ಭರಣಿಯಲ್ಲಿ ಮಿಡಿ ಉಪ್ಪಿನಕಾಯಿ, ಡಬ್ಬಿಯಲ್ಲಿ ಹಲಸಿನ ಹಪ್ಪಳ, ಮೀನು ತಿನ್ನುವ ಮನೆಗಳಲ್ಲಿ ಒಣಮೀನು. ಹೊಳೆ ತುಂಬಿ ಪೇಟೆಯ ದಾರಿ ಮುಚ್ಚಿದರೂ ಒಲೆ ಉರಿಯುತ್ತಿತ್ತು, ರಾಟೆಗೆ ಹಗ್ಗ ಹಾಕಿ ಸೇದಿದರೆ ನೀರು ಬರುತ್ತಿತ್ತು. ಆ ಕಾಲವನ್ನು ಹೊಗಳಿ ಹಿಂದಕ್ಕೆ ಕರೆಯುವುದು ನನ್ನ ಉದ್ದೇಶವಲ್ಲ. ಹೆರಿಗೆಗೆ, ಹಾವು ಕಚ್ಚಿದ್ದಕ್ಕೆ ಆಸ್ಪತ್ರೆ ಸಿಗದೆ ಜನ ಸಾಯುತ್ತಿದ್ದ ಕಾಲವೂ ಅದೇ. ಹೇಳಬೇಕಾದ್ದು ಇಷ್ಟು: ಅಂದಿನ ಮನೆಯಲ್ಲಿ ಒಂದು ಕೆಟ್ಟರೆ ಇನ್ನೊಂದು ಇರುತ್ತಿತ್ತು. ಇಂದಿನ ಮನೆಯಲ್ಲಿ ಎಲ್ಲವೂ ಒಂದೇ ಮೊಳೆಗೆ ನೇತುಹಾಕಿದ ಚೀಲಗಳ ಹಾಗೆ ಕರೆಂಟಿಗೆ ಜೋತುಬಿದ್ದಿದೆ. ನೀರು ಬೋರ್‌ವೆಲ್ ಪಂಪಿನಿಂದ ಅಥವಾ ಸಂಪಿನಿಂದ ಮೇಲಿನ ಟ್ಯಾಂಕಿಗೆ, ಅದಕ್ಕೆ ಕರೆಂಟು ಬೇಕು. ಹಣ ಮೊಬೈಲಿನಲ್ಲಿದೆ, ಮೊಬೈಲಿಗೆ ಚಾರ್ಜು ಬೇಕು, ಟವರಿಗೂ ಬೇಕು. ಇನ್ಸುಲಿನ್ ಫ್ರಿಜ್ಜಿನಲ್ಲಿದೆ. ಎಂಟನೇ ಮಹಡಿಯ ಅಜ್ಜಿ ಕೆಳಗಿಳಿಯಲು ಲಿಫ್ಟು ಬೇಕು. ಮಗನ ಫೋನ್ ನಂಬರು ಯಾರಿಗೂ ಬಾಯಿಪಾಠವಿಲ್ಲ.

ಇನ್ವರ್ಟರ್ ಇದೆಯಲ್ಲ ಎಂದು ಹಲವರು ನೆಮ್ಮದಿಯಿಂದಿದ್ದಾರೆ. ಲೆಕ್ಕ ನೋಡಿ. ಸಾಮಾನ್ಯ ಮನೆಗಳಲ್ಲಿರುವ 12 ವೋಲ್ಟಿನ, 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ತುಂಬಿರುವುದು ಕಾಗದದ ಲೆಕ್ಕದಲ್ಲೇ 1.8 ಯೂನಿಟ್. ಬಳಕೆಗೆ ಸಿಗುವುದು ಅದಕ್ಕಿಂತ ಕಡಿಮೆ. ಎರಡು ಫ್ಯಾನು, ನಾಲ್ಕು ಎಲ್‌ಇಡಿ ದೀಪ ಹಾಕಿಕೊಂಡರೆ ಆರೇಳು ಗಂಟೆಯಲ್ಲಿ ಅದು ಬರಿದು. ಒಂದು ಅಶ್ವಶಕ್ತಿಯ ಪಂಪು ಓಡಲು ಸುಮಾರು 750 ವ್ಯಾಟ್ ಬೇಕು, ಸ್ಟಾರ್ಟ್ ಆಗುವಾಗ ಅದರ ಹಲವು ಪಟ್ಟು. ಆ ಭಾರವನ್ನು ಮನೆಯ ಇನ್ವರ್ಟರ್ ಹೊರಲಾರದು. ಲೋಡ್‌ಶೆಡ್ಡಿಂಗಿಗೆಂದು ತಂದ ಉಪಕರಣವನ್ನು ಚಂಡಮಾರುತಕ್ಕೆ ನೆಚ್ಚಿಕೊಳ್ಳುವಂತಿಲ್ಲ. ಫ್ಯಾನು ಬಿಟ್ಟು ಒಂದೇ ದೀಪ, ಒಂದೇ ಫೋನು ಎಂದು ಮೊದಲ ಗಂಟೆಯಿಂದಲೇ ಬಿಗಿಹಿಡಿದರೆ ಅದೇ ಬ್ಯಾಟರಿ ಮೂರು ನಾಲ್ಕು ದಿನ ಬಂದೀತು. ಈ ಬಿಗಿ ಮನೆಯವರಿಗೆಲ್ಲ ಮೊದಲೇ ತಿಳಿದಿರಬೇಕು.

ಸಿದ್ಧತೆಯಲ್ಲಿ ಮೊದಲ ಸ್ಥಾನ ನೀರಿನದು. ವಿಪತ್ತಿನ ಕಾಲದಲ್ಲಿ ಒಬ್ಬರಿಗೆ ದಿನಕ್ಕೆ ಎಲ್ಲ ಬಳಕೆಗೂ ಸೇರಿ ಕನಿಷ್ಠ 15 ಲೀಟರ್ ಬೇಕೆಂಬುದು ಜಗತ್ತಿನ ಪರಿಹಾರ ಸಂಸ್ಥೆಗಳು ಒಪ್ಪಿದ ಅಳತೆ. ಕುಡಿಯಲು, ಅಡುಗೆಗೆ ನಾಲ್ಕೈದು ಲೀಟರ್ ಸಾಕು. ಹಾಗಾಗಿ ನಾಲ್ಕು ಜನರ ಮನೆಯಲ್ಲಿ ಮಳೆಯ ಮುನ್ಸೂಚನೆ ಬಂದ ದಿನ ಒಂದು ಡ್ರಮ್ಮು, ಮೂರು ಕ್ಯಾನು ತುಂಬಿಟ್ಟರೆ ಮೂರು ದಿನ ಯಾರನ್ನೂ ಬೇಡಬೇಕಿಲ್ಲ. ನಾಲ್ಕನೆಯ ದಿನದಿಂದ ಸಿಗುವ ನೀರನ್ನು ಸೋಸಿ, ಚೆನ್ನಾಗಿ ಕೊತಕೊತ ಕುದಿಸಿಯೇ ಕುಡಿಯಬೇಕು. ನೆರೆನೀರು ನುಗ್ಗಿದ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸದೆ ಅದರ ನೀರು ಮುಟ್ಟಬಾರದು. ಅಷ್ಟಾದರೂ ಭೇದಿ ಹಿಡಿದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಅರ್ಧ ಟೀ ಚಮಚ ಉಪ್ಪು, ಆರು ಟೀ ಚಮಚ ಸಕ್ಕರೆ ಮಟ್ಟಸವಾಗಿ ಅಳೆದು ಬೆರೆಸಿ ಕುಡಿಸುವುದು ಯಾವ ಮನೆಗೂ ಅಸಾಧ್ಯವಲ್ಲ.

ನೀರಿನ ನಂತರದ್ದು ಔಷಧಿ. ನಿಜವಾದ ಉದಾಸೀನ ಕಾಣುವುದು ಇಲ್ಲೇ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಫಿಟ್ಸ್, ಹೃದಯದ ತೊಂದರೆ, ಅಸ್ತಮಾ ಇವುಗಳ ಮಾತ್ರೆ ಮುಗಿಯುವ ದಿನ ತರುವುದು ನಮ್ಮ ರೂಢಿ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಹದಿನೈದು ದಿನದ ಔಷಧಿ ಮನೆಯಲ್ಲಿ ಯಾವಾಗಲೂ ಮಿಕ್ಕಿರಲಿ. ಹಳತನ್ನು ಮೊದಲು ಬಳಸಿ ಹೊಸತನ್ನು ಹಿಂದೆ ಇಡುತ್ತ ಹೋದರೆ ಯಾವುದೂ ಹಾಳಾಗದು, ಹೆಚ್ಚು ಖರ್ಚೂ ಇಲ್ಲ. ಇನ್ಸುಲಿನ್ ಫ್ರಿಜ್ಜು ನಿಂತ ಕೂಡಲೇ ಕೆಡುವುದಿಲ್ಲ. ಬಹುತೇಕ ಬಗೆಗಳು ಬಿಸಿಲು ತಾಗದ ತಣ್ಣನೆಯ ಜಾಗದಲ್ಲಿ ಸುಮಾರು ನಾಲ್ಕು ವಾರ ತಾಳುತ್ತವೆ. ಎಷ್ಟು ಶಾಖದವರೆಗೆ ಎಂಬುದು ಅದರ ಚೀಟಿಯಲ್ಲೇ ಇರುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಅಂಥ ಜಾಗ ಹುಡುಕಬೇಕಿಲ್ಲ. ಮೇ ತಿಂಗಳ ರಾಯಚೂರು, ಕಲಬುರಗಿಯಲ್ಲಿ ಅದು ಕಷ್ಟ. ಅಲ್ಲಿನ ಒಣಹವೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆ ಚೆನ್ನಾಗಿ ತಂಪು ಹಿಡಿಯುತ್ತದೆ. ನೇರವಾಗಿ ಮಂಜುಗಡ್ಡೆಯ ಮೇಲಿಟ್ಟರೆ ಮಾತ್ರ ಔಷಧಿ ಹೆಪ್ಪುಗಟ್ಟಿ ಕೆಟ್ಟುಹೋಗುತ್ತದೆ. ಇಷ್ಟು ತಿಳಿವಳಿಕೆ ಇಲ್ಲದೆ ಎಷ್ಟು ಮನೆಗಳಲ್ಲಿ ಒಳ್ಳೆಯ ಔಷಧಿ ಚೆಲ್ಲಿಹೋಗಿದೆಯೋ, ಕೆಟ್ಟ ಔಷಧಿ ದೇಹಕ್ಕೆ ಸೇರಿದೆಯೋ ಎಂಬ ಯೋಚನೆ ಕಾಡುತ್ತದೆ. ಉಳಿದದ್ದು ಸಣ್ಣದು: ಚಿಲ್ಲರೆ ನೋಟುಗಳಲ್ಲಿ ಸ್ವಲ್ಪ ನಗದು, ಕಾಗದದ ಮೇಲೆ ಬರೆದ ಫೋನ್ ನಂಬರುಗಳು, ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ಆಧಾರ್, ವಿಮೆಯ ಪ್ರತಿಗಳು, ಟಾರ್ಚು, ಬ್ಯಾಟರಿಯ ರೇಡಿಯೊ. ಫಸಲ್ ಬಿಮಾ ಯೋಜನೆಯಲ್ಲಿ ಸ್ಥಳೀಯ ವಿಕೋಪದ ಬೆಳೆ ನಷ್ಟವನ್ನು 72 ಗಂಟೆಯೊಳಗೆ ತಿಳಿಸಬೇಕು. ಫೋನೇ ಸತ್ತಿದ್ದರೆ ಬ್ಯಾಂಕಿಗೋ ಕೃಷಿ ಇಲಾಖೆಗೋ ನಡೆದುಹೋಗಬೇಕೆಂದು ರೈತನಿಗೆ ಮೊದಲೇ ಗೊತ್ತಿರಬೇಕು. ಮುರಿದ ಗೋಡೆಯ ಫೋಟೊ ತೆಗೆಯುವ ಮೊದಲೇ ಮಣ್ಣು ಬಾಚಿ ಪರಿಹಾರ ಕಳೆದುಕೊಳ್ಳುವವರೂ ಇದ್ದಾರೆ.

ಗಾಳಿ ನಿಂತ ಮೇಲಿನ ಅಪಾಯಗಳಲ್ಲಿ ಹೆಚ್ಚಿನವನ್ನು ನಾವೇ ಕೈಯಾರೆ ತಂದುಕೊಳ್ಳುತ್ತೇವೆ. ಬಿದ್ದ ತಂತಿ ಸತ್ತಿದೆ ಎಂದು ನೋಡಿ ಹೇಳಲು ಯಾರಿಂದಲೂ ಆಗದು. ಹತ್ತು ಮೀಟರ್ ದೂರ ನಿಂತು 1912ಕ್ಕೆ ಕರೆ ಮಾಡುವುದೊಂದೇ ದಾರಿ. ತೋಟದ ತಂತಿಬೇಲಿ, ಬಟ್ಟೆ ಒಣಹಾಕುವ ತಂತಿಗಳಿಗೆ ಎಲ್ಲೋ ದೂರದಲ್ಲಿ ಕರೆಂಟು ತಗುಲಿರಬಹುದು. ಜನರೇಟರನ್ನು ಮನೆಯ ಹೊರಗೆ, ಕಿಟಕಿ ಬಾಗಿಲಿನಿಂದ ಆರೇಳು ಮೀಟರ್ ಆಚೆಗಿಡಬೇಕು. ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಇಡೀ ಮನೆಗೆ ಕರೆಂಟು ಹರಿಸುವ ಅಭ್ಯಾಸವಂತೂ ಘೋರ. ಚೇಂಜ್‌ಓವರ್ ಸ್ವಿಚ್ ಇಲ್ಲದಿದ್ದರೆ ಆ ಕರೆಂಟು ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್ ಮೂಲಕ 11,000 ವೋಲ್ಟಾಗಿ ಏರುತ್ತದೆ. ಲೈನು ಆಫ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಪವರ್‌ಮ್ಯಾನ್‌ಗೆ ಅದು ಬಡಿಯುತ್ತದೆ. ನಮ್ಮ ಮನೆಯ ದೀಪಕ್ಕಾಗಿ, ನಮಗೆ ದೀಪ ಕೊಡಲು ಬಂದವನನ್ನೇ ಬಲಿಕೊಟ್ಟ ಹಾಗೆ. ನೆರೆಯ ಕೆಸರಿನಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಇಲಿಜ್ವರದ ಭಯವಿದೆ. 2018ರ ನೆರೆಯ ನಂತರ ಕೇರಳದಲ್ಲಿ ಅದು ಹಬ್ಬಿದಾಗ ಸ್ವಚ್ಛತೆಗೆ ಇಳಿದವರಿಗೆ ಸರ್ಕಾರವೇ ಮುಂಜಾಗ್ರತೆಯ ಮಾತ್ರೆ ಹಂಚಿತು. ಕೆಸರಿಗಿಳಿದ ಕೆಲವು ದಿನಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಕೆಸರಿನ ಸಂಗತಿಯನ್ನು ವೈದ್ಯರಿಗೆ ಹೇಳಲು ಮರೆಯಬಾರದು.

ಇದೆಲ್ಲ ಸರ್ಕಾರದ ಕೆಲಸ, ತೆರಿಗೆ ಕಟ್ಟುವ ಜನರ ತಲೆಗೆ ಯಾಕೆ ಕಟ್ಟುತ್ತೀರಿ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ. ಕೊಳೆತ ಕಂಬ ಬದಲಿಸದೆ, ತಂತಿಗೆ ತಾಗುವ ಕೊಂಬೆ ಕಡಿಯದೆ ಕುಳಿತ ಕಂಪನಿಯ ತಪ್ಪನ್ನು ಮನೆಯ ಕ್ಯಾನಿನ ನೀರು ತೊಳೆಯಲಾರದು. ಆದರೆ ದುರಸ್ತಿಯ ಕ್ರಮ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಬೇಕು. ಮೊದಲು ದೊಡ್ಡ ಲೈನು, ಉಪಕೇಂದ್ರ, ಆಮೇಲೆ ಆಸ್ಪತ್ರೆ ಮತ್ತು ನೀರು ಸರಬರಾಜಿನ ಫೀಡರ್, ನಂತರ ಪೇಟೆ, ಕೊನೆಗೆ ಅಡಿಕೆ ತೋಟದ ನಡುವಿನ ಒಂಟಿಮನೆ. ತೋಟದೊಳಗೆ ಲಾರಿ ಹೋಗದ ಕಡೆ ಕಂಬವನ್ನು ಹೆಗಲ ಮೇಲೆ ಹೊತ್ತೊಯ್ಯಬೇಕು. ಒಂದೇ ರಾತ್ರಿ ನೂರಾರು ಕಂಬ ಬಿದ್ದರೆ ಎಷ್ಟು ದಕ್ಷ ಆಡಳಿತವಿದ್ದರೂ ಕೊನೆಯ ಮನೆಗೆ ದಿನಗಳು ಬೇಕೇ ಬೇಕು. ಆ ದಿನಗಳಲ್ಲಿ ಅನುಕೂಲವಿರುವ ಮನೆಗಳು ತಮ್ಮ ಕಾಲ ಮೇಲೆ ನಿಂತರೆ ಟ್ಯಾಂಕರು, ಆಂಬುಲೆನ್ಸು, ಸಿಬ್ಬಂದಿ ನಿಜಕ್ಕೂ ಗತಿಯಿಲ್ಲದವರ ಬಾಗಿಲಿಗೆ ಬೇಗ ಮುಟ್ಟುತ್ತಾರೆ. ಸಿದ್ಧವಾದ ಮನೆ ಸರ್ಕಾರವನ್ನು ಹೊಣೆಯಿಂದ ಬಿಡಿಸುವುದಿಲ್ಲ, ಅದರ ನೆರವನ್ನು ನೆರೆಯವರಿಗೆ ಬಿಟ್ಟುಕೊಡುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬಡವರ ಕಡೆಯಿಂದ ಬರುತ್ತದೆ. ದಿನಗೂಲಿಯಲ್ಲಿ ಬದುಕುವವರು ಏನನ್ನು ಕೂಡಿಡಬೇಕು, ಒಂದು ಕೋಣೆಯ ಶೀಟಿನ ಮನೆಯಲ್ಲಿ ಡ್ರಮ್ಮನ್ನು ಎಲ್ಲಿಡಬೇಕು? ಇದಕ್ಕೆ ಉಪದೇಶದಿಂದ ಉತ್ತರ ಕೊಡಲಾಗದು. ಕಾಗದಪತ್ರಕ್ಕೆ ಕವರು, ಕೊಡ ತುಂಬ ನೀರು, ಬರೆದಿಟ್ಟ ನಂಬರು ಇಷ್ಟು ಎಲ್ಲರಿಗೂ ಸಾಧ್ಯ. ಅದರಾಚೆಗಿನ ಜವಾಬ್ದಾರಿ ಸಾರ್ವಜನಿಕವೇ ಆಗಬೇಕು. 2025ರ ಮುಂಗಾರಿಗೆ ಮೊದಲು ಕೇಂದ್ರ ಸರ್ಕಾರ ಜೂನ್‌ನಿಂದ ಆಗಸ್ಟ್‌ವರೆಗಿನ ಪಡಿತರವನ್ನು ಮುಂಚಿತವಾಗಿ ವಿತರಿಸಲು ರಾಜ್ಯಗಳಿಗೆ ಸೂಚಿಸಿತ್ತು. ಬಡ ಮನೆಯ ಡಬ್ಬಿಯಲ್ಲಿ ಅಕ್ಕಿ ಇರುವಂತೆ ಮಾಡುವ ದಾರಿ ಅದು. ಪ್ರತಿ ವರ್ಷ ಮೇ ತಿಂಗಳೊಳಗೆ ಅದು ನಡೆಯಬೇಕು, ಅದರ ಜೊತೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಮಳೆಗಾಲದಲ್ಲಿ ಎರಡು ತಿಂಗಳಿಗೆ ಒಮ್ಮೆಲೇ ಕೊಡಬೇಕು. ಕೆಟ್ಟದ್ದನ್ನು ಮೊದಲೇ ಯೋಚಿಸುವುದು ಅಪಶಕುನ ಎನ್ನುವವರಿಗೆ ಹೇಳುವುದಿಷ್ಟೆ: ಮಳೆಗಾಲಕ್ಕೆ ಸೌದೆ ಒಟ್ಟಿದ ನಮ್ಮ ಹಿರಿಯರು ಯಾವ ಕೇಡನ್ನೂ ಬಯಸಿದವರಲ್ಲ.

ಇನ್ನೊಂದು ಕೆಲಸ ತಕ್ಷಣ ಆಗಬೇಕಿದೆ, ಅದು ಮನೆ ಮತ್ತು ಸರ್ಕಾರ ಎರಡೂ ಸೇರಿ ಮಾಡುವಂಥದು. ಮನೆಯಲ್ಲಿ ಆಮ್ಲಜನಕದ ಯಂತ್ರ, ಉಸಿರಾಟದ ಯಂತ್ರ ಬಳಸುವವರ ಹೆಸರನ್ನು ವಿದ್ಯುತ್ ಕಂಪನಿಗಳು ನೋಂದಾಯಿಸಿಕೊಳ್ಳಬೇಕೆಂಬ ನಿಯಮ ಆಸ್ಟ್ರೇಲಿಯದಲ್ಲಿದೆ. ನಮ್ಮ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್‌ಗಳ ಬಳಿ ಪ್ರತಿ ಮೀಟರಿನ ಆರ್.ಆರ್. ನಂಬರು, ವಿಳಾಸ, ಫೋನು ಈಗಾಗಲೇ ಇದೆ. ಅದರ ಮುಂದೆ ಒಂದು ಗುರುತು ಹಾಕಿಕೊಳ್ಳಲು ದೊಡ್ಡ ಖರ್ಚಿಲ್ಲ. ಗುರುತಿದ್ದರೆ ಕರೆಂಟು ಹೋದ ರಾತ್ರಿಯೇ ಆ ಮನೆಗೆ ಸಿಲಿಂಡರ್ ಕಳಿಸಬೇಕೋ ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕೋ ಎಂಬುದನ್ನು ತಾಲ್ಲೂಕು ಆಡಳಿತ ನಿರ್ಧರಿಸಬಹುದು. ಆಶಾ ಕಾರ್ಯಕರ್ತೆಯರಿಗೆ ಆ ಮನೆಗಳು ಇಂದಿಗೂ ಗೊತ್ತು, ಅವರ ತಿಳಿವಳಿಕೆಯನ್ನು ಪಟ್ಟಿಗೆ ಇಳಿಸಿದರೆ ಸಾಕು. ಇಂಧನ ಇಲಾಖೆ, ಆರೋಗ್ಯ ಇಲಾಖೆ ಕೂಡಿ ಮುಂದಿನ ಏಪ್ರಿಲ್‌ನ ಮೊದಲ ಮಳೆಗೆ ಮುನ್ನ ಈ ಪಟ್ಟಿ ಮಾಡಲಿ. ಅದು ಬರುವವರೆಗೆ ಕಾಯದೆ, ನಿಮ್ಮ ಮನೆಯಲ್ಲಿ ಅಂಥ ರೋಗಿ ಇದ್ದರೆ ಈ ವಾರವೇ ನಿಮ್ಮ ಸೆಕ್ಷನ್ ಆಫೀಸಿಗೆ ಆರ್.ಆರ್. ನಂಬರಿನ ಜೊತೆ ಒಂದು ಅರ್ಜಿ ಬರೆದುಕೊಡಿ, ಅದರ ಸ್ವೀಕೃತಿ ಪಡೆದು ಇಟ್ಟುಕೊಳ್ಳಿ.